ಬಾಯಿಮಾತಿನ ಕಾಮಗಾರಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನಮ್ಮ ಹುಡುಗರು ಈಗ ಕಲ್ಲು ಹೊರುವುದಷ್ಟೇ ಅಲ್ಲ, ಗುತ್ತಿಗೆಯನ್ನೂ ಹಿಡಿಯುತ್ತಿದ್ದಾರೆ. ಕೇಂದ್ರದ 2012ರ ಆದೇಶ ಸರ್ಕಾರಿ ಖರೀದಿಯಲ್ಲಿ ನೂರಕ್ಕೆ 4 ಪಾಲು ನಮ್ಮವರ ಸಣ್ಣ ಉದ್ದಿಮೆಗಳಿಗೆ ಎನ್ನುತ್ತದೆ. 2017ರಿಂದ ರಾಜ್ಯದ ಸಣ್ಣ ಕಾಮಗಾರಿಗಳಲ್ಲೂ ಮೀಸಲಾತಿ ಇದೆ. ಸಂತೋಷ. ಗೋಳು ಇರುವುದು ಟೆಂಡರ್ ಸಿಕ್ಕ ಮೇಲೆ.

"ಇನ್ನೊಂದೀಟು ರಸ್ತೆ ಎಳದಬಿಡೋ ತಮ್ಮಾ, ಕಾಗದಾ ಆಮ್ಯಾಲೆ ಮಾಡೂಣು" ಅಂತಾರೆ ಇಲಾಖೆಯ ಸಾಹೇಬರು. "ಹೂಂನ್ರೀ" ಅಂತೇವೆ ನಾವು. ತಲೆತಲಾಂತರದಿಂದ ಅಂದದ್ದೇ ಅದನ್ನು! ಸಾಲ ತಂದು ಖಡಿ ಸುರಿಯುತ್ತೇವೆ. ಸಾಹೇಬರಿಗೆ ವರ್ಗ ಆಗುತ್ತದೆ. ಹೊಸಬರು ಕೇಳುತ್ತಾರೆ: "ಆರ್ಡರ್ ಎಲ್ಲೈತಿ?"

ಬಾಬಾಸಾಹೇಬರು ಕೊಟ್ಟ ಸಂವಿಧಾನದ 299ನೇ ವಿಧಿ ಓದಿರಿ. ಸರ್ಕಾರದ ಕರಾರು ರಾಷ್ಟ್ರಪತಿ ಇಲ್ಲವೆ ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಉಳ್ಳವರ ಸಹಿಯಿಂದ ಆಗಬೇಕು. ಬಾಯಿಮಾತು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ.

ಬಂಗಾಳದ ಬಿ.ಕೆ. ಮಂಡಲ್ ಗುತ್ತಿಗೆ ಸಂಸ್ಥೆ 1944ರಲ್ಲಿ, ಇಂಥ ಕರಾರಿಲ್ಲದೆ, ಅಧಿಕಾರಿಗಳ ಕೋರಿಕೆಗೆ ಗೋದಾಮು ಕಟ್ಟಿತು. ಹಣ ಬರಲಿಲ್ಲ. ಕರಾರು ಕಾಯ್ದೆಯ 70ನೇ ಕಲಂ ಹಿಡಿದು ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು 1961ರಲ್ಲಿ. ಬಿಟ್ಟಿಯೆಂದು ಮಾಡದ ಕೆಲಸದ ಲಾಭ ಉಂಡವರು ಪರಿಹಾರ ಕೊಡಬೇಕು ಎನ್ನುತ್ತದೆ ಆ ಕಲಂ. ಬಿಟ್ಟಿ! ಆ ಮಾತಿನ ಅರ್ಥ ನಮಗೆ ಯಾವ ವಕೀಲನೂ ಹೇಳಬೇಕಿಲ್ಲ. ನ್ಯಾಯ ಸಿಕ್ಕಿತು, ಖರೆ. ಹದಿನೇಳು ವರ್ಷಕ್ಕೆ. ಅಷ್ಟರಲ್ಲಿ ಸಾಲ ಕೊಟ್ಟವ ನಮ್ಮ ಮನೆಯ ತಗಡೂ ಬಿಚ್ಚಿಕೊಂಡು ಹೋಗಿರುತ್ತಾನೆ.

ಅದಕ್ಕೇ ಗೆಳೆಯರೇ, ಇನ್ನು ಸಾಹೇಬರು ಬೆನ್ನು ಚಪ್ಪರಿಸಿದರೆ ಸಲಿಕೆ ಕೆಳಗಿಟ್ಟು ಕೇಳೋಣ: "ಬರದ ಕೊಡ್ರೀ ಸಾಹೇಬ್ರ. ಸಹಿ ಮಾಡೂ ಅಧಿಕಾರ ನಿಮಗೈತೇನ್ರಿ?"