ವ್ಯವಹಾರಕ್ಕೊಂದು ಪ್ರತ್ಯೇಕ ಕಾರ್ಡು: ಅನುಕೂಲವೆಷ್ಟು, ಎಚ್ಚರವೆಷ್ಟು?

2025ರ ಕೇಂದ್ರ ಮುಂಗಡಪತ್ರದಲ್ಲಿ, ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿತವಾದ ಸೂಕ್ಷ್ಮ ಉದ್ಯಮಗಳಿಗೆ 5 ಲಕ್ಷ ರೂ. ಮಿತಿಯ ಕ್ರೆಡಿಟ್ ಕಾರ್ಡ್ ನೀಡುವ ಯೋಜನೆ ಘೋಷಣೆಯಾಯಿತು. ಮೊದಲ ವರ್ಷಕ್ಕೆ 10 ಲಕ್ಷ ಕಾರ್ಡುಗಳ ಗುರಿಯನ್ನೂ ಅದರಲ್ಲಿ ಹೇಳಲಾಗಿತ್ತು. ಇಂತಹ ಕಾರ್ಡನ್ನು ಬಹುತೇಕ ವರ್ತಕರು ಸಾಲದ ಸೌಲಭ್ಯವೆಂದೇ ಕಾಣುತ್ತಾರೆ. ವಾಸ್ತವವಾಗಿ ಅದರ ಹೆಚ್ಚಿನ ಪ್ರಯೋಜನವಿರುವುದು ಅಂಗಡಿಯ ಖರ್ಚನ್ನು ಮನೆಯ ಖರ್ಚಿನಿಂದ ಬೇರ್ಪಡಿಸುವುದರಲ್ಲಿ.

ಏಕಮಾಲೀಕತ್ವದ ಸಂಸ್ಥೆಗಳಲ್ಲಿ ಒಂದೇ ಕಾರ್ಡಿನಿಂದ ಲೇತ್ ಯಂತ್ರದ ಬಿಡಿಭಾಗ, ಮಕ್ಕಳ ಶಾಲಾ ಶುಲ್ಕ, ವಾಹನದ ಡೀಸೆಲ್, ಮದುವೆಯ ಸೀರೆ ಎಲ್ಲಕ್ಕೂ ಹಣ ಸಂದಾಯವಾಗುವುದುಂಟು. ವರ್ಷಾಂತ್ಯದಲ್ಲಿ ಗುಮಾಸ್ತನಿಗೆ ಇವುಗಳಲ್ಲಿ ಯಾವುದು ಯಾವುದೆಂದು ತಿಳಿಯದು. ಸಂಶಯದಿಂದಾಗಿ ನ್ಯಾಯವಾದ ಕೆಲವು ವೆಚ್ಚಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಮನೆಯ ಕೆಲವು ವೆಚ್ಚಗಳು ಒಳಗೆ ನುಸುಳುತ್ತವೆ. ಇತ್ತ, ವರ್ಷದಲ್ಲಿ ಕಾರ್ಡಿನ ಬಾಕಿಗೆ 10 ಲಕ್ಷ ರೂ. ಅಥವಾ ಹೆಚ್ಚು ಸಂದಾಯವಾದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುವ ಕ್ರಮ 1962ರ ನಿಯಮಗಳಡಿಯಲ್ಲಿಯೇ ರೂಢಿಗೆ ಬಂದಿತು. 7 ಲಕ್ಷ ಆದಾಯ ಘೋಷಿಸಿದವನ ಕಾರ್ಡಿನಲ್ಲಿ 12 ಲಕ್ಷದ ಖರ್ಚು ಕಂಡರೆ ಪ್ರಶ್ನೆ ಏಳುವುದು ಸಹಜ. ಪ್ರತ್ಯೇಕ ಕಾರ್ಡೂ ಅದೇ ಮಾಲೀಕನ ಪ್ಯಾನ್ ಸಂಖ್ಯೆಗೇ ಸೇರಿದ್ದರಿಂದ ವರದಿಯೇನೂ ತಪ್ಪದು. ಆದರೆ ಆಗ ಉತ್ತರವು ಖಾತೆಪುಸ್ತಕದಲ್ಲೇ ಸಿದ್ಧವಾಗಿರುತ್ತದೆ.

2025ರ ಜುಲೈ ತಿಂಗಳಲ್ಲಿ ಯುಪಿಐ ಸ್ವೀಕೃತಿಗಳನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ, ಸ್ವಂತದ ಹಾಗೂ ಕುಟುಂಬದ ಹಣವೂ ವಹಿವಾಟಿನ ಲೆಕ್ಕಕ್ಕೆ ಸೇರಿಹೋಗಿದೆ ಎಂಬ ದೂರು ಕೇಳಿಬಂದಿತ್ತು. ಕೆಲವರು ‘ನಗದು ಮಾತ್ರ’ ಎಂಬ ಫಲಕ ಹಾಕಿದರು. ಆತಂಕ ಅರ್ಥವಾಗುವಂಥದೇ, ಆದರೆ ನಗದಿಗೆ ಮರಳುವುದರಿಂದ ತೊಂದರೆ ಕಡಿಮೆಯಾಗದು. ಒಬ್ಬನಿಗೇ ಒಂದು ದಿನದಲ್ಲಿ 10,000 ರೂ.ಗಿಂತ ಹೆಚ್ಚು ವೆಚ್ಚವನ್ನು ನಗದಾಗಿ ಪಾವತಿಸಿದರೆ, ನಿಯಮದಲ್ಲಿ ಹೇಳಿದ ವಿನಾಯಿತಿಗಳ ಹೊರತು, ಆ ವೆಚ್ಚವನ್ನು ಆದಾಯದಿಂದ ಕಳೆಯಲು ಬಾರದು. ಪಾಲುದಾರಿಕೆ ಸಂಸ್ಥೆಯೊಂದು 15,000 ರೂ. ಹೀಗೆ ಕೊಟ್ಟಲ್ಲಿ, ಸೆಸ್ ಸೇರಿ ಶೇ. 31.2ರ ದರದಂತೆ 4,680 ರೂ. ಹೆಚ್ಚುವರಿ ತೆರಿಗೆ ಬೀಳುತ್ತದೆ. ಕಾರ್ಡಿನ ಪಾವತಿಗೆ ಈ ತಡೆಯಿಲ್ಲ. ಲೆಕ್ಕಪರಿಶೋಧನೆಯ ಮಿತಿ 1 ಕೋಟಿಯಿಂದ 10 ಕೋಟಿಗೆ ಏರಬೇಕಾದರೂ ನಗದು ಸ್ವೀಕೃತಿಯಂತೆಯೇ ನಗದು ಪಾವತಿಯೂ ಶೇ. 5ನ್ನು ಮೀರಬಾರದು. ಈ ಎರಡನೆಯ ಷರತ್ತನ್ನು ಮರೆಯುವವರೇ ಹೆಚ್ಚು.

ಇಷ್ಟಾದರೂ ಕಾರ್ಡಿನ ತಿಂಗಳ ವಿವರಪಟ್ಟಿ ಓಚರ್ ಅಲ್ಲ. ಅದು ಹಣ ಯಾರಿಗೆ, ಎಂದು, ಎಷ್ಟು ಹೋಯಿತೆಂದು ಹೇಳುತ್ತದೆಯೇ ವಿನಾ ಏನು ಕೊಂಡದ್ದೆಂದು ಹೇಳದು. ಜಿಎಸ್‌ಟಿ ಇನ್‌ಪುಟ್ ತೆರಿಗೆ ಜಮೆ ಪಡೆಯಲು ಕೊಂಡವನ ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲು ಬೇಕು, ಅದು ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಬೇಕು. ಆನ್‌ಲೈನ್ ಖರೀದಿಯಲ್ಲಿ ಮಾಲೀಕನ ಸ್ವಂತ ಖಾತೆಯಿಂದ ಪ್ರಿಂಟರನ್ನೋ ಡ್ರಿಲ್ಲಿಂಗ್ ಯಂತ್ರವನ್ನೋ ತರಿಸಿದರೆ ಬಿಲ್ಲು ಆತನ ಹೆಸರಿಗಷ್ಟೇ ಬರುತ್ತದೆ. ಹಣ ಕಾರ್ಡಿನಿಂದಲೇ ಹೋಗಿದ್ದರೂ ಶೇ. 18ರ ಜಮೆ ಕೈತಪ್ಪುತ್ತದೆ. ಡೀಸೆಲ್ ಜಿಎಸ್‌ಟಿಯ ಹೊರಗಿದೆ. ಹೋಟೆಲಿನ ಊಟದ ತೆರಿಗೆಗೆ ಸಾಮಾನ್ಯವಾಗಿ ಜಮೆಯಿಲ್ಲ. ಆದರೂ ವೆಚ್ಚದ ಪುರಾವೆಗಾಗಿ ಆ ಬಿಲ್ಲುಗಳನ್ನು ಇಡಲೇಬೇಕು. ವಾರಕ್ಕೊಮ್ಮೆ ಬಿಲ್ಲುಗಳನ್ನು ವಿವರಪಟ್ಟಿಯೊಡನೆ ತಾಳೆ ಹಾಕುವ ಗುಮಾಸ್ತನಿದ್ದರೆ ಮಾರ್ಚಿಯಲ್ಲಿ ಅರ್ಧ ಕೆಲಸ ಮುಗಿದಂತೆಯೇ.

ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡವರು ಕಾರ್ಡಿನಿಂದ ಆದಾಯ ತೆರಿಗೆ ಇಳಿಯುವುದೆಂದು ಭಾವಿಸಬಾರದು. ಅಲ್ಲಿ ಶೇ. 6ರ ದರ ನಿಂತಿರುವುದು ಬ್ಯಾಂಕಿನ ಮೂಲಕ ಬಂದ ಮಾರಾಟದ ಹಣದ ಮೇಲೆ, ಮಾಡಿದ ಖರ್ಚಿನ ಮೇಲಲ್ಲ.

ಲೆಕ್ಕ ಬರೆಯುವಾಗಲೂ ಒಂದು ತಪ್ಪು ಸಾಮಾನ್ಯ. ಕಾರ್ಡಿನ ಬಿಲ್ಲು ಕಟ್ಟಿದ ದಿನವೇ ಇಡೀ ಮೊತ್ತವನ್ನು ‘ಖರ್ಚು’ ಎಂದು ಬರೆಯಲಾಗುತ್ತದೆ. ಸಂಚಿತ ಪದ್ಧತಿಯಲ್ಲಿ ಲೆಕ್ಕವಿಡುವವರಿಗೆ ಮಾರ್ಚಿ 28ರಂದು ಕೊಂಡ ಸರಕು ಆ ವರ್ಷದ್ದೇ. ಏಪ್ರಿಲ್‌ನಲ್ಲಿ ಕಟ್ಟುವುದು ಬ್ಯಾಂಕಿನ ಬಾಕಿಯ ತೀರುವಳಿ ಮಾತ್ರ. ಕಾರ್ಡಿನಲ್ಲಿ ಮನೆಯ ಖರ್ಚು ಬಂದೇಬಿಟ್ಟರೆ ಅದನ್ನು ಮಾಲೀಕನ ಡ್ರಾಯಿಂಗ್ಸ್ ಖಾತೆಗೆ ಹಾಕಬೇಕು.

ಇನ್ನು ಬಡ್ಡಿಯ ಮಾತು. ಕನಿಷ್ಠ ಮೊತ್ತ ಕಟ್ಟಿ ಉಳಿದದ್ದನ್ನು ಮುಂದೂಡುವವನಿಗೆ ತಿಂಗಳಿಗೆ ಶೇ. 3ರಂತೆ ಹಿಡಿದರೂ ವರ್ಷಕ್ಕೆ ಶೇ. 36 ಆಯಿತು. ಬ್ಯಾಂಕ್ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲವಾದರೂ ಕಾರ್ಡಿನ ಬಡ್ಡಿಗೆ ಶೇ. 18 ಇದೆ. ಯಾವ ತೆರಿಗೆ ಉಳಿತಾಯವೂ ಇದನ್ನು ತುಂಬಿಕೊಡದು. ದುಡಿಯುವ ಬಂಡವಾಳ ಬೇಕಾದವರು ಓವರ್‌ಡ್ರಾಫ್ಟನ್ನೇ ಕೇಳುವುದು ಲೇಸು. ಕಾರ್ಡು ಪಡೆಯುವವರು ಅರ್ಜಿಯ ಜೊತೆಯಲ್ಲಿಯೇ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯನ್ನು ಬ್ಯಾಂಕಿನಲ್ಲಿ ದಾಖಲಿಸಿದರೆ, ವಾರ್ಷಿಕ ಶುಲ್ಕದ ಮೇಲಿನ ತೆರಿಗೆಯನ್ನಾದರೂ ಜಮೆಗೆ ತರಬಹುದು.