ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಬ್ಬು ಅರೆಯೋ ಹಂಗಾಮು ಶುರುವಾದ್ರೆ ಸಾಕು, ನಮ್ಮ ಮಂಡ್ಯ ಕಡೆ ಒಂದೇ ಮಾತು ಕಿವಿಗೆ ಬೀಳುತ್ತೆ: "ಟ್ರ್ಯಾಕ್ಟರ್ ಹಿಂದಿನ ಚಕ್ರ ಕಾಯ್ತಾ ಇದೆ, ಬ್ರೇಕ್ ಹಿಡೀತಿಲ್ಲ." ಇದಕ್ಕೆ ಊರಲ್ಲಿ ಸಿಗೋ ಔಷಧಿಯೂ ಒಂದೇ. ಗ್ಯಾರೇಜಿನವನು ಲೈನರ್ ಬದಲಾಯಿಸ್ತಾನೆ, ಮಾಲೀಕ ಡ್ರೈವರ್‌ಗೆ ಬೈತಾನೆ. ಹದಿನೈದು ದಿನಕ್ಕೆ ಮತ್ತೆ ಅದೇ ಹೊಗೆ, ಅದೇ ವಾಸನೆ, ಅದೇ ಬೈಗುಳ.

ನಾನು ಬಿಇ ಓದಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು. ನಮ್ಮಲ್ಲಿ ಸರ್ವರ್ ನಿಧಾನ ಆದ್ರೆ ಯಾರೂ ಮೊದಲ ದಿನವೇ ಹೊಸ ಸರ್ವರ್ ತರಲ್ಲ. ಲಾಗ್ ತೆಗೆದು ನೋಡ್ತೀವಿ, ಲೋಡ್ ಎಲ್ಲಿಂದ ಬರ್ತಿದೆ ಅಂತ ಹುಡುಕ್ತೀವಿ. ಲಕ್ಷಗಟ್ಟಲೆ ಬೆಲೆಯ ಟ್ರ್ಯಾಕ್ಟರಿಗೆ, ಅದರ ಮೇಲೆ ಕೂತ ಜೀವಕ್ಕೆ, ಅಷ್ಟು ತಾಳ್ಮೆ ತೋರಿಸಬಾರದಾ?

ಚಕ್ರ ಕಾಯೋದಕ್ಕೆ ಕಾರಣ ಹುಡುಕೋದು ದೊಡ್ಡ ವಿದ್ಯೆ ಏನಲ್ಲ. ಮೊದಲು ಒಂದು ಕಡೆ ಕಾಯ್ತಿದೆಯೋ, ಎರಡೂ ಕಡೆ ಕಾಯ್ತಿದೆಯೋ ನೋಡಿ. ಹಬ್ ಮುಟ್ಟೋಕೆ ಹೋಗ್ಬೇಡಿ, ಅಂಗೈಯ ಹಿಂಭಾಗವನ್ನ ಹತ್ತಿರ ಹಿಡಿದ್ರೆ ಸಾಕು, ಗೊತ್ತಾಗುತ್ತೆ. ಒಂದೇ ಕಡೆ ಬಿಸಿ ಅಂದ್ರೆ ಆ ಕಡೆಯ ಬ್ರೇಕ್ ಬಿಡ್ತಿಲ್ಲ. ಪೆಡಲ್‌ಗೆ ಫ್ರೀ ಪ್ಲೇ ಇಲ್ಲ, ಸ್ಪ್ರಿಂಗ್ ಸತ್ತಿದೆ, ಇಲ್ಲಾ ರಾಡ್ ತುಕ್ಕು ಹಿಡಿದಿದೆ. ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಪೆಡಲ್ ಇರುತ್ತಲ್ಲ, ಹೊಲದಲ್ಲಿ ತಿರುಗಿಸೋಕೆ ಅಂತ ಕೊಂಡಿ ಬಿಚ್ಚಿರ್ತಾರೆ. ರಸ್ತೆಗೆ ಬಂದ ಮೇಲೂ ಕೊಂಡಿ ಹಾಕದಿದ್ರೆ, ಇಲ್ಲಾ ಎರಡರ ಹೊಂದಾಣಿಕೆ ಹೆಚ್ಚುಕಮ್ಮಿ ಆಗಿದ್ರೆ, ಒಂದು ಚಕ್ರವೇ ಎಲ್ಲ ಭಾರ ತಿನ್ನುತ್ತೆ. ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯೋದೂ ಇದಕ್ಕೇ.

ಆಮೇಲೆ ಸಮತಟ್ಟು ರಸ್ತೆಯಲ್ಲಿ, ಬ್ರೇಕ್ ಆದಷ್ಟೂ ಮುಟ್ಟದೆ, ನಾಲ್ಕೈದು ಕಿಲೋಮೀಟರ್ ಓಡಿಸಿ ನೋಡಿ. ಆಗಲೂ ಹಬ್ ಕಾದ್ರೆ ಬ್ರೇಕ್ ಉಜ್ಜುತ್ತಿದೆ, ಇಲ್ಲಾ ಬೇರಿಂಗ್ ಹೋಗಿದೆ. ಟ್ರೈಲರ್ ಚಕ್ರವಾದ್ರೆ, ಖಾಲಿ ಮಾಡಿ, ಕಲ್ಲು ಕೊಟ್ಟು, ಜಾಕ್ ಎತ್ತಿ ಕೈಯಲ್ಲಿ ತಿರುಗಿಸಿ. ಗರಗರ ಅಂದ್ರೆ ಬೇರಿಂಗ್ ಸವೆದಿದೆ. ಬಿಗಿಯಾಗಿ ನಿಂತ್ರೆ ನಟ್ ಅತಿಯಾಗಿ ಬಿಗಿದಿದ್ದಾರೆ ಅಥವಾ ಗ್ರೀಸ್ ಒಣಗಿದೆ. ಹಬ್ ತಣ್ಣಗಿದ್ದು ಟೈರ್ ಮಾತ್ರ ಕಾದಿದ್ರೆ ಗಾಳಿ ಕಡಿಮೆ, ಇಲ್ಲವೇ ಭಾರ ಜಾಸ್ತಿ.

ಇಷ್ಟೆಲ್ಲ ನೋಡಿದ ಮೇಲೂ ತಪ್ಪು ಸಿಗಲಿಲ್ಲ, ಎರಡೂ ಕಡೆ ಸಮನಾಗಿ ಕಾಯ್ತಿದೆ, ಅದೂ ಇಳಿಜಾರು ಇಳಿದ ಮೇಲೆ ಮಾತ್ರ ಅಂದ್ರೆ? ಬ್ರೇಕ್ ಕೆಟ್ಟಿಲ್ಲ ಸ್ವಾಮಿ. ತನ್ನದಲ್ಲದ ಕೆಲಸವನ್ನೂ ಅದು ಮಾಡ್ತಿದೆ.

ಲೆಕ್ಕ ಹಾಕಿ. ಟ್ರ್ಯಾಕ್ಟರು, ಟ್ರೈಲರು, ಕಬ್ಬು ಎಲ್ಲ ಸೇರಿ 12 ಟನ್ ಅಂತಿಟ್ಕೊಳ್ಳಿ. 50 ಮೀಟರ್ ಎತ್ತರದಿಂದ ಕೆಳಗಿಳಿದ್ರೆ ಹೊರಬರೋ ಶಕ್ತಿ ಸುಮಾರು 59 ಲಕ್ಷ ಜೂಲ್. ತಣ್ಣೀರು 18 ಲೀಟರನ್ನ ಕುದಿಸೋಕೆ ಸಾಕಾಗುವಷ್ಟು. ಚಕ್ರ ಉರುಳುವಾಗಲೇ ಅದರಲ್ಲೊಂದು ಪಾಲು ಕಳೆದುಹೋಗುತ್ತೆ. ಗೇರಿನಲ್ಲಿದ್ರೆ ಎಂಜಿನ್ ಇನ್ನೊಂದು ಪಾಲು ತಿನ್ನುತ್ತೆ. ನ್ಯೂಟ್ರಲ್‌ನಲ್ಲಿದ್ರೆ? ಉಳಿದದ್ದೆಲ್ಲ ಬ್ರೇಕಿಗೇ. ನಮ್ಮ ಬಹುಪಾಲು ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಹಿಂದೆ ಕಟ್ಟಿದ ಟ್ರೈಲರಿಗೆ ಬ್ರೇಕೇ ಇಲ್ಲದಿದ್ರೆ, ಅಥವಾ ಇದ್ದೂ ಪೈಪು ಬಿಚ್ಚಿ ನೇತಾಡ್ತಿದ್ರೆ, ಅಷ್ಟೂ ಶಾಖ ಆ ಎರಡು ಚಕ್ರದೊಳಗೇ ಸೇರಬೇಕು. ಕಾದ ಲೈನರ್ ಹಿಡಿತ ಕಳ್ಕೊಳ್ಳುತ್ತೆ, ಡ್ರಮ್ ಹಿಗ್ಗಿ ದೂರ ಹೋಗುತ್ತೆ, ಪೆಡಲ್ ಎಷ್ಟು ತುಳಿದ್ರೂ ಗಾಡಿ ನಿಲ್ಲಲ್ಲ. ಮುಂದಿನದು ನಿಲ್ಲೋಕೆ ನೋಡುತ್ತೆ, ಹಿಂದಿನದು ನೂಕುತ್ತೆ. ಟ್ರೈಲರ್ ಅಡ್ಡ ತಿರುಗಿ ಟ್ರ್ಯಾಕ್ಟರನ್ನೇ ಮಗುಚೋದು ಹೀಗೆ.

ಜ್ವರ ಬಂದಿರೋದು ಟ್ರೈಲರಿಗೆ, ಬರೆ ಹಾಕೋದು ಟ್ರ್ಯಾಕ್ಟರಿಗೆ. ಅದಕ್ಕಿಂತ ಹೆಚ್ಚಾಗಿ ಡ್ರೈವರಿಗೆ. ನಮ್ಮೂರಲ್ಲೇ ಒಂದು ಹಂಗಾಮಿನಲ್ಲಿ ಎರಡು ಸಲ ಲೈನರ್ ಹಾಕಿಸಿದ ದುಡ್ಡನ್ನ ಡ್ರೈವರ್ ಸಂಬಳದಲ್ಲಿ ಹಿಡಿದ್ರು. ಆ ಟ್ರೈಲರಿಗೆ ಬ್ರೇಕ್ ಇತ್ತಾ ಅಂತ ಪಂಚಾಯ್ತಿಕಟ್ಟೆಯಲ್ಲಿ ಯಾರೂ ಕೇಳಲಿಲ್ಲ.

"ಇವರು ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡ್ತಾರಪ್ಪ, ಬ್ರೇಕ್ ಮೇಲೇ ಕಾಲಿಟ್ಟಿರ್ತಾರೆ" ಅನ್ನೋರಿದ್ದಾರೆ. ನಿಜ, ಮಾಡ್ತಾರೆ, ಅದು ತಪ್ಪೇ. ದಿಬ್ಬ ಹತ್ತಿದ ಗೇರಿನಲ್ಲೇ ಇಳೀಬೇಕು, ಕ್ಲಚ್ ಒತ್ತಬಾರದು, ನಡುವೆ ನಿಲ್ಲಿಸಿ ತಣಿಸಬೇಕು, ಕಾದ ಡ್ರಮ್ ಮೇಲೆ ನೀರು ಸುರಿದು ಬಿರುಕು ಬಿಡಿಸಬಾರದು. ಆದ್ರೆ ಟ್ರಿಪ್ಪಿಗಿಷ್ಟು ಅಂತ ಕೂಲಿ ಕೊಟ್ಟು, ಡೀಸೆಲ್ ಅಳೆದು ಕೊಟ್ಟು, ಸರತಿಯಲ್ಲಿ ಮುಂದೆ ನಿಲ್ಲಬೇಕು ಅಂತ ರಾತ್ರಿಯೆಲ್ಲ ಓಡಿಸಿದ ಮೇಲೆ "ನಿಧಾನವಾಗಿ ಇಳಿ" ಅನ್ನೋದು ಬುದ್ಧಿವಾದ ಆಗಲ್ಲ, ಜಾರಿಕೊಳ್ಳೋ ದಾರಿ ಆಗುತ್ತೆ.

"ಬ್ರೇಕ್ ಇರೋ ಟ್ರೈಲರ್ ದುಬಾರಿ" ಅನ್ನೋರೂ ಇದ್ದಾರೆ. ಪ್ರತಿ ಹಂಗಾಮಿಗೂ ಲೈನರ್, ಟೈರ್, ಬೇರಿಂಗ್, ನಿಂತ ದಿನಗಳ ಬಾಡಿಗೆ ಎಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಮೂರು ಹಂಗಾಮಿನ ಲೆಕ್ಕ ಕೂಡಿ ಆಮೇಲೆ ದುಬಾರಿ ಯಾವುದು ಹೇಳಿ. ಆಸ್ಪತ್ರೆ ಖರ್ಚನ್ನ ನಾನಿನ್ನೂ ಸೇರಿಸಿಲ್ಲ.

ಇನ್ನು ಭಾರ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಮಿತಿ ಮೀರಿ ಹೇರಿದ್ರೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000. ಈ ದಂಡ ಓಡಿಸಿದವನಿಗಷ್ಟೇ ಅಲ್ಲ, ಓಡಿಸೋಕೆ ಕಾರಣನಾದವನಿಗೆ, ಬಿಟ್ಟವನಿಗೂ ಅಂತ ಆ ಕಲಂ ಹೇಳುತ್ತೆ. ಹಾಗಾದ್ರೆ ಹೇರಿಸಿದ ಮಾಲೀಕ? ವೇಬ್ರಿಜ್ಜಿನಲ್ಲಿ ಪ್ರತಿ ಲೋಡಿನ ತೂಕ ಕಣ್ಣಾರೆ ನೋಡಿ ಚೀಟಿ ಬರೆಯೋ ಕಾರ್ಖಾನೆ? ಅಲ್ಲಿ ಕಾಣೋ ಅಂಕಿ ದುಡ್ಡಿನ ಲೆಕ್ಕಕ್ಕೆ ಬೇಕು, ಬ್ರೇಕಿನ ಲೆಕ್ಕಕ್ಕೆ ಬೇಡವಾ?

ಕೇಳ್ತಿರೋದು ದೊಡ್ಡದೇನಲ್ಲ. ಬ್ರೇಕ್ ಕೆಲಸ ಮಾಡದ ಟ್ರೈಲರಿಗೆ ಕಾರ್ಖಾನೆ ಗೇಟಿನಲ್ಲಿ ಹಂಗಾಮಿನ ಮೊದಲ ದಿನವೇ ಬೇಡ ಅನ್ನಲಿ. ಟ್ರೈಲರ್ ಮಾಡಿಸೋಕೆ ಹೋದವರು ಬಣ್ಣ ಆರಿಸೋ ಮೊದಲು ಬ್ರೇಕ್ ಕೇಳಲಿ. ಅಲ್ಲೀವರೆಗೆ, ಚಕ್ರ ಕಾಯ್ತು ಅಂತ ಡ್ರೈವರ್ ಬಂದು ಹೇಳಿದ್ರೆ ಅವನ ಸಂಬಳಕ್ಕೆ ಕೈ ಹಾಕೋ ಮೊದಲು ಮೂರು ಪ್ರಶ್ನೆ ಕೇಳಿ: ಒಂದು ಕಡೆಯೋ, ಎರಡೂ ಕಡೆಯೋ? ಬ್ರೇಕ್ ಮುಟ್ಟದಿದ್ರೂ ಕಾಯುತ್ತೋ, ಇಳಿಜಾರಲ್ಲಿ ಮಾತ್ರವೋ? ಹಿಂದೆ ಕಟ್ಟಿದ್ದಕ್ಕೆ ಬ್ರೇಕ್ ಇದೆಯೋ, ಇಲ್ಲವೋ? ಮೂರನೆಯದಕ್ಕೆ "ಇಲ್ಲ" ಅಂತ ಉತ್ತರ ಬಂದ್ರೆ, ಲೈನರ್ ದುಡ್ಡು ಯಾರ ಜೇಬಿಂದ ಹೋಗಬೇಕು ಅನ್ನೋದು ನಿಮಗೇ ಗೊತ್ತಾಗುತ್ತೆ.