ನೀಲನನ್ನು ಕೊಂದದ್ದು ನೀರಲ್ಲ

ಬಿ.ಎ. ತರಗತಿಯಲ್ಲಿ ‘ಚೋಮನ ದುಡಿ’ ಪಾಠ ಮುಗಿದ ದಿನ ಮೇಷ್ಟ್ರು ‘ಎಂಥ ಕರುಣಾಜನಕ ಕಾದಂಬರಿ!’ ಎಂದು ಕನ್ನಡಕ ಒರೆಸಿಕೊಂಡರು. ಕೊನೆಯ ಬೆಂಚಿನಲ್ಲಿದ್ದ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆಗ ನಮ್ಮವ್ವ ಮುಂಗಡದ ಸಾಲ ತೀರಿಸಲು ಕೊಡಗಿನ ಕಾಫಿ ತೋಟವೊಂದರ ಲೈನ್ ಮನೆಯಲ್ಲಿದ್ದಳು.

ಶಿವರಾಮ ಕಾರಂತರು ೧೯೩೩ರಲ್ಲಿ ಬರೆದದ್ದು ಒಂದು ಹೊಲೆಯರ ಸಂಸಾರ ಚೂರಾಗುವ ಕತೆ. ಸಾಲ ತೀರಿಸಲು ಚನಿಯ, ಗುರುವ ಘಟ್ಟದ ತೋಟಕ್ಕೆ ಹೋಗುತ್ತಾರೆ. ಗುರುವ ಅಲ್ಲೇ ಮದುವೆಯಾಗಿ ಉಳಿಯುತ್ತಾನೆ. ಚನಿಯ ಜ್ವರ ಹೊತ್ತು ಬಂದು ಸಾಯುತ್ತಾನೆ. ಆಮೇಲೆ ಬೆಳ್ಳಿ ಹೋಗುತ್ತಾಳೆ. ಸಾಲ ಹರಿಯುತ್ತದೆ, ಅವಳ ಮೈಯ ಬೆಲೆಗೆ. ಇತ್ತ ನೀಲ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಮೇಲ್ಜಾತಿಯವರು ನಿಂತಿದ್ದಾರೆ. ಹೊಲೆಯರ ಹುಡುಗ, ಮುಟ್ಟುವುದು ಹೇಗೆ?

ನೀಲನನ್ನು ಕೊಂದದ್ದು ನೀರೇ? ಅಲ್ಲ ಗೆಳೆಯರೇ, ದಡ.

ವಿಮರ್ಶಕರು ಚೋಮನ ದುಡಿಯ ನಾದವನ್ನು ಹೊಗಳಿದರು. ೧೯೭೫ರ ಸಿನಿಮಾಕ್ಕೆ ಸ್ವರ್ಣಕಮಲ ಬಂತು. ಆದರೆ ದುಡಿ ಚೋಮನ ಬಳಿ ಮೊದಲೇ ಇತ್ತಲ್ಲ! ಅವನು ಕೇಳಿದ್ದು ಭೂಮಿ. ಅದನ್ನು ಯಾರು ಕೊಟ್ಟರು?

೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದ ನನಗೆ ಮೂರು ದಿನ ಅವ್ವನ ಫೋನು ಸಿಗಲಿಲ್ಲ. ನಾಲ್ಕನೆಯ ದಿನ ಸಿಕ್ಕಿತು. ‘ಬದುಕಿವ್ನಿ ಕನಪ್ಪ. ಲೈನು ಕೊಚ್ಕೊಂಡೋಯ್ತು. ಸಾಲ ಮಾತ್ರ ಅಂಗೇ ಅದೆ.’

೨೦೨೪ರ ಜುಲೈ ೩೦ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಾದವು. ಸತ್ತವರು ೨೦೦ಕ್ಕೂ ಹೆಚ್ಚು. ಅವರಲ್ಲಿ ಮಂಡ್ಯ, ಚಾಮರಾಜನಗರದ ಕಡೆಯಿಂದ ಹೊಟ್ಟೆಪಾಡಿಗೆ ಹೋಗಿ ನೆಲೆಸಿದ್ದ ಸಂಸಾರಗಳವರೂ ಇದ್ದರು. ಪತ್ರಿಕೆಗಳು ‘ಪ್ರಕೃತಿ ವಿಕೋಪ’ ಎಂದವು. ಮಳೆ ಪ್ರಕೃತಿಯದು, ಸರಿ. ಕೂಲಿಯವನನ್ನು ಗುಡ್ಡದ ಕೆಳಗೆ ಮಲಗಿಸಿದ್ದೂ ಪ್ರಕೃತಿಯೇ? ಜಾತಿ ಯಾವುದೇ ಇರಲಿ, ಊರಲ್ಲಿ ಎರಡು ಎಕರೆ ನೀರಾವರಿ ಇದ್ದವನು ಅಲ್ಲಿಗೆ ಹೋಗುತ್ತಿದ್ದನೇ?

೧೯೭೪ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ಗೇಣಿಯೂ ಇಲ್ಲದ ಕೂಲಿಯವನು ಕೂಲಿಯವನಾಗಿಯೇ ಉಳಿದ. ಕಾಫಿ, ಟೀ ತೋಟಗಳು ಭೂಮಿತಿಯ ಹೊರಗೇ ಉಳಿದವು. ೨೦೨೨ರಲ್ಲಂತೂ ಸರ್ಕಾರಿ ಜಮೀನು ಒತ್ತಿಕೊಂಡ ತೋಟದವರಿಗೆ ಅದನ್ನೇ ೩೦ ವರ್ಷ ಗುತ್ತಿಗೆ ಕೊಡಲು ಕಾನೂನಾಯಿತು. ಒತ್ತಿಕೊಂಡವನಿಗೆ ಗುತ್ತಿಗೆ, ದುಡಿದವನಿಗೆ ಲೈನು!

ಇದು ಬರೀ ನಮ್ಮ ಪಾಡಲ್ಲ. ಕಬ್ಬು, ಕಾಫಿ ತೋಟಗಳಲ್ಲಿ ಸತ್ತ ಹೈಟಿಯ ಗುಲಾಮರು ದಂಗೆಯೆದ್ದು ೧೮೦೪ರಲ್ಲಿ ಸ್ವತಂತ್ರರಾದರು. ೧೮೨೫ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ, ಒಡೆಯರ ನಷ್ಟಕ್ಕೆ ೧೫ ಕೋಟಿ ಫ್ರಾಂಕ್ ಕಟ್ಟಿ ಎಂದಿತು. ಬಿಡುಗಡೆಯೇ ಸಾಲವಾಯಿತು. ೨೦೧೦ರ ಭೂಕಂಪದಲ್ಲಿ ಅವರ ಮನೆಗಳು ಉರುಳಿದಾಗ ಲೋಕ ‘ಪಾಪ, ಬಡ ದೇಶ’ ಎಂದಿತು. ಬಡವಾಗಿಸಿದ್ದು ಯಾರೆಂದು ಎಷ್ಟು ಜನ ಕೇಳಿದರು?

ಕಾರಂತರು ದಡವನ್ನು ತೋರಿಸಿದರು, ಅದಕ್ಕೆ ನಾವು ಋಣಿಗಳು. ಆದರೆ ಚೋಮ ದುಡಿ ಬಡಿಯುತ್ತಾ ಸಾಯುವಲ್ಲಿಗೆ ಅವರ ಕತೆ ನಿಂತಿತು. ನಮ್ಮದು ನಿಲ್ಲಬಾರದು.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿರುವ ಮಕ್ಕಳ ಅಪ್ಪ ಅವ್ವ ಯಾವ ತೋಟದಲ್ಲಿದ್ದಾರೆ? ಮುಂಗಡ ಎಷ್ಟು? ಮಲಗುವುದು ಯಾವ ಗುಡ್ಡದ ಕೆಳಗೆ? ಬರೆದಿಡಿ. ಒಂದು ಪ್ರತಿ ತಹಸೀಲ್ದಾರರ ಮೇಜಿಗೆ ಹೋಗಲಿ, ಇನ್ನೊಂದು ನಮಗೆ ಬರಲಿ. ನಮ್ಮ ಕಾದಂಬರಿ ಅಲ್ಲಿಂದ ಶುರುವಾಗುತ್ತದೆ. ಮುಂಗಾರಿಗೆ ಮೊದಲೇ ಬರೆಯಿರಿ.